ಏಳನೇ ಕುರ್ಚಿಯ ವರದಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ಆ ದಿನ ಬೆಳಗ್ಗೆ ಒಂಬತ್ತಕ್ಕೆ ಆಸ್ಪತ್ರೆಯ ರಕ್ತಪರೀಕ್ಷಾ ವಿಭಾಗದ ಮೆಟ್ಟಿಲು ಹತ್ತುವಾಗಲೂ ಅದು ಅಲ್ಲೇ ಇತ್ತು. ಮೊದಲೇ ಹೇಳಿಬಿಡುತ್ತೇನೆ. ನಾನು ಹೋದದ್ದು ಸರ್ವರ್ ರಿಪೇರಿಗೆ, ಆದರೆ ಮಾಡಿ ಬಂದದ್ದು ಬೇರೆ. ಅಕ್ಕನದು ಅಂತ ಭಾವನ ಹತ್ತಿರ ಉಳಿದಿದ್ದ ಒಂದೇ ಒಂದನ್ನು ಅವರ ಕೈಯಿಂದಲೇ ಮುಚ್ಚಿಸಿ ಬಂದೆ.

ನಮ್ಮ ಕಂಪನಿ ಕಳಿಸಿದ ಪ್ಯಾಚ್ ಅಲ್ಲಿನ ಸರ್ವರ್ ಮೇಲೆ ಎರಡು ಸಲ ಕೂರಲು ಹೋಗಿ ಎರಡು ಸಲವೂ ಜಾರಿಬಿದ್ದಿತ್ತು. ಪ್ಯಾಚ್ ಎಂದರೆ ತೇಪೆ, ಅಷ್ಟೇ. ಬಟ್ಟೆ ತೀರಾ ಹಳೆಯದಾದರೆ ತೇಪೆಯ ದಾರವೂ ನಿಲ್ಲುವುದಿಲ್ಲ. ಮೂರನೇ ಸಲಕ್ಕೆ ನನ್ನನ್ನು ಕಳಿಸಿದರು. ಬೇರೆ ಯಾರನ್ನಾದರೂ ಕಳಿಸಿ ಎಂದು ನಾನು ಬೇಡಿಕೊಂಡಿದ್ದೆ, ಏಕೆಂದರೆ ಆ ಸರ್ವರನ್ನು ನೋಡಿಕೊಳ್ಳುವವರು ನನ್ನ ಭಾವ. ಅಕ್ಕ ತೀರಿಕೊಂಡು ಎಂಟು ವರ್ಷ. ನಾನು ಭಾವನ ಜೊತೆ ಮಾತು ಬಿಟ್ಟೂ ಅಷ್ಟೇ.

ಅಕ್ಕ ಅದೇ ವಿಭಾಗದಲ್ಲಿ ವರದಿಗಳನ್ನು ಟೈಪ್ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ತಲೆನೋವು ಎಂದು ಎದ್ದವಳು ಓಣಿಯಂಥ ಆ ಉದ್ದನೆಯ ಪಡಸಾಲೆಯಲ್ಲೇ ಕುಸಿದಳು. ಮೇಲಿನ ಮಹಡಿಗೆ ಹೊತ್ತೊಯ್ದರು. ಸಂಜೆ ಆರಕ್ಕೆ ಎಲ್ಲ ಮುಗಿದಿತ್ತು. ಅಮ್ಮ ಮತ್ತು ನಾನು ವಾರ್ಡಿನ ಬಾಗಿಲಲ್ಲಿ ನಿಂತಿದ್ದೆವು. ಭಾವ ಅವಳ ಮುಖವನ್ನು ಒಂದು ಸಲ ನೋಡಿದರು, "ಈಗ ಬಂದೆ" ಎಂದು ಕೆಳಗೆ ಇಳಿದುಹೋದರು. ಮತ್ತೆ ಕಂಡದ್ದು ಮರುದಿನ ಬೆಳಗ್ಗೆ. ಎಲ್ಲಿಗೆ ಹೋಗಿದ್ದಿರಿ ಎಂದರೆ, "ಆಫೀಸಲ್ಲಿ ಸ್ವಲ್ಪ ಕೆಲಸ ಇತ್ತು" ಎಂದರು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಅಮ್ಮ, "ಕಲ್ಲು ಕಣೇ ಇವನು" ಎಂದು ಸುಮ್ಮನಾದಳು. ನಾನು ಸುಮ್ಮನಾಗಲಿಲ್ಲ. ನಾಲಿಗೆಗೆ ಎಲುಬಿಲ್ಲವಲ್ಲ. ಬಂದ ನೆಂಟರೆಲ್ಲರ ಎದುರು, "ನೀವು ಆ ಮೆಷೀನನ್ನೇ ಕಟ್ಕೋಬೇಕಿತ್ತು. ನಮ್ಮಕ್ಕನ್ನ ಯಾಕೆ ಕಟ್ಕೊಂಡ್ರಿ?" ಎಂದೆ.

ಸರ್ವರ್ ಇದ್ದದ್ದು ಹಿಂದೆ ಹೊದಿಕೆ, ದಿಂಬು ಇಡುತ್ತಿದ್ದ ಒಂದು ಇಕ್ಕಟ್ಟಿನ ಕೋಣೆಯಲ್ಲಿ. ಗೋಡೆಯ ಮರದ ಹಲಗೆಗಳಿಗೆ ಇನ್ನೂ ಫಿನಾಯಿಲ್ ವಾಸನೆ ಇತ್ತು. ವಿಭಾಗದ ವರದಿಗಳನ್ನೆಲ್ಲ ಕಾದಿಡುವ ಆ ಸರ್ವರನ್ನು ಅಲ್ಲಿನವರು ಅಜ್ಜಿ ಎಂದು ಕರೆಯುತ್ತಿದ್ದರು. ಅಜ್ಜಿ ಎದ್ದಳಾ, ಅಜ್ಜಿಗೆ ಇವತ್ತು ಗೂರಲು ಜಾಸ್ತಿ ಎಂಬಂಥ ಮಾತುಗಳು. ಫ್ಯಾನಿನ ಸದ್ದು ನಿಜಕ್ಕೂ ಗೂರಲಿನ ಹಾಗೇ ಇತ್ತು. ಭಾವ ಬಡಕಲಾಗಿದ್ದರು. ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿದ್ದರು.

"ಬಾ. ಟೀ ಕುಡೀತೀಯಾ?"

"ಕೆಲಸಕ್ಕೆ ಬಂದಿದೀನಿ," ಎಂದೆ.

ಅಷ್ಟರಲ್ಲಿ ವಿಭಾಗದ ಮುಖ್ಯಸ್ಥೆ ಡಾಕ್ಟರಮ್ಮ ಬಂದರು. ರಕ್ತ ಪರೀಕ್ಷಿಸುವ ಹಳೆಯ ಯಂತ್ರ ಹಿಂದಿನ ದಿನ ಕೈಕೊಟ್ಟಿತ್ತು. ಹೊಸದು ಬಂದು ಕೂತಿತ್ತು, ಆದರೆ ಪ್ಯಾಚ್ ಆಗದೆ ಅದಕ್ಕೆ ಅಜ್ಜಿಯ ಭಾಷೆ ತಿಳಿಯುತ್ತಿರಲಿಲ್ಲ. ಹಾಗಾಗಿ ಬೆಳಗ್ಗೆಯಿಂದ ವರದಿಗಳನ್ನು ಚೀಟಿಯಲ್ಲಿ ಬರೆದು ವಾರ್ಡಿಗೆ ಕಳಿಸುತ್ತಿದ್ದರು.

"ಆಗ್ಲೇ ಒಂದು ಚೀಟಿ ಅದಲುಬದಲಾಗಿತ್ತು. ನಮ್ಮ ಆಯಾ ನೋಡಿದ್ದಕ್ಕೆ ಬಚಾವಾದ್ವಿ," ಎಂದರು ಡಾಕ್ಟರಮ್ಮ. "ಒಂದು ಗಂಟೆಯಿಂದ ಆರು ಆಪರೇಷನ್ ಇದೆ. ಚೀಟಿ ನಂಬ್ಕೊಂಡು ರಕ್ತ ಕೊಡೋಕೆ ನನ್ನ ಕೈಲಾಗಲ್ಲ. ಏನಾದ್ರೂ ಮಾಡಿ."

ನಾನು ಶುರುಮಾಡಿದೆ. ಟೈಪಿಸ್ಟರಿಗೆಲ್ಲ ಅವರವರ ಪರದೆ ಮುಚ್ಚಲು ಹೇಳಿ, ಹೊರಗೆ ಕಳಿಸಿ ಪ್ಯಾಚ್ ಓಡಿಸಿದೆ. ನೂರರಲ್ಲಿ ಅರವತ್ತೆರಡಕ್ಕೆ ಬಂದು ನಿಂತಿತು, ಆಮೇಲೆ ತಾನು ಮಾಡಿದ್ದನ್ನೆಲ್ಲ ತಾನೇ ಬಿಚ್ಚಿಕೊಂಡು ಮೊದಲಿನ ಸ್ಥಿತಿಗೆ ಹೋಯಿತು. ಜಾಗ ಸಾಲದೇನೋ ಎಂದು ನೋಡಿದೆ, ಬೇಕಾದಷ್ಟಿತ್ತು. ಅನುಮತಿಗಳನ್ನು ನೋಡಿದೆ, ಸರಿಯಿದ್ದವು. ಕೊನೆಯ ಸಲ ಆರಿಸಿ ಹಚ್ಚಿದ್ದು ಯಾವಾಗ ಎಂದು ನೋಡಿದರೆ ಎಂಟು ವರ್ಷ ಮೂರು ತಿಂಗಳ ಹಿಂದಿನ ತಾರೀಖು.

"ಎಂಟು ವರ್ಷದಿಂದ ಒಂದು ಸಲಾನೂ ಆಫ್ ಮಾಡಿಲ್ವಾ?"

"ಮಾಡಿದ್ರೆ ಮತ್ತೆ ಏಳ್ತಾಳೋ ಇಲ್ವೋ ಅಂತ," ಎಂದರು ಭಾವ.

"ಹೊಸ ಸರ್ವರ್ ಕೊಡ್ತೀವಿ ಅಂತ ಮೂರು ಸಲ ಬರೆದಿದ್ವಿ."

"ನಾನೇ ಬೇಡ ಅಂದೆ. ಹಳೇ ಗಂಡನ ಪಾದವೇ ಗತಿ ಅಂತ ಆಸ್ಪತ್ರೆಯವರೂ ಸುಮ್ಮನಾದ್ರು."

ನನಗೆ ಮೈಯೆಲ್ಲ ಉರಿಯಿತು. ಗೋಣಿಚೀಲದಲ್ಲಿ ಕಲ್ಲು ತುಂಬಿ ಮೂಲೆಯಲ್ಲಿ ಕೂರಿಸಿದ ಹಾಗೆ ಕೂತಿದ್ದ ಈ ಮನುಷ್ಯನ ಹಟಕ್ಕೆ ಆರು ಜನ ರೋಗಿಗಳು ಕಾಯಬೇಕೇ ಎನಿಸಿತು. ಹತ್ತೂವರೆಗೆ ಇನ್ನೊಂದು ಸಲ ಓಡಿಸಿದೆ, ಮತ್ತೆ ಅರವತ್ತೆರಡಕ್ಕೇ ನಿಂತಿತು. ಆಮೇಲೆ ಬೇರೆ ದಾರಿ ಕಾಣದೆ, ಪ್ಯಾಚ್ ತಾನು ಮಾಡಿದ್ದನ್ನು ಬರೆದಿಡುವ ಕಡತವನ್ನು ಸಾಲು ಸಾಲಾಗಿ ಓದಲು ಕೂತೆ. ನಾಲ್ಕು ಸಾವಿರ ಸಾಲು. ಭಾವ ಎರಡು ಸಲ ಟೀ ತಂದಿಟ್ಟರು, ಎರಡು ಸಲವೂ ಆರಿಹೋಯಿತು.

ಹನ್ನೊಂದೂಮುಕ್ಕಾಲಿಗೆ ಸಿಕ್ಕಿತು. ವರದಿಗಳ ಕಡತವನ್ನು ಯಾರೋ ತೆರೆದಿಟ್ಟುಕೊಂಡಿದ್ದಾರೆ, ಅದಕ್ಕೇ ಬದಲಿಸಲಾಗುತ್ತಿಲ್ಲ ಎಂದು ಒಂದು ಸಾಲು. ನಾನು ಎಲ್ಲರನ್ನೂ ಹೊರಗೆ ಕಳಿಸಿದ್ದೆನಲ್ಲ. ಈಗ ಒಳಗೆ ಯಾರಿದ್ದಾರೆ ಎಂದು ಕೇಳಿದೆ. ಪರದೆಯ ಮೇಲೆ ಎರಡು ಸಾಲು ಬಂದವು. ಒಂದು ಭಾವನ ಹೆಸರಲ್ಲಿ ಕೂತ ನಾನು. ಇನ್ನೊಂದು, ಏಳು.

ಅಲ್ಲಿ ಟೈಪಿಸ್ಟರಿಗೆ ಹೆಸರಿಲ್ಲ, ಕುರ್ಚಿಯ ನಂಬರೇ ಹೆಸರು. ಏಳನೇ ಕುರ್ಚಿಯವರು ಕೀಲಿ ಒತ್ತಿ ಎಷ್ಟು ಹೊತ್ತಾಯಿತು ಎನ್ನುವುದೂ ಪಕ್ಕದಲ್ಲೇ ಇತ್ತು. ಮೂರು ಸಾವಿರ ದಿನಕ್ಕೆ ಹನ್ನೆರಡು ಕಡಿಮೆ. ಒಳಗೆ ಬಂದ ತಾರೀಖು ನೋಡಿದೆ. ಆ ತಾರೀಖನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದು ಅಕ್ಕ ಸತ್ತ ದಿನ.

ತಿರುಗಿ ನೋಡಿದೆ. ಭಾವ ನೆಲ ನೋಡುತ್ತಿದ್ದರು.

"ಅವತ್ತು ಕುರ್ಚಿಯಿಂದ ಏಳುವಾಗ ಹೇಳಿದ್ಲು," ಎಂದರು. "ಮುಚ್ಚಬೇಡಿ, ಅರ್ಧ ಟೈಪ್ ಮಾಡಿದೀನಿ, ಈಗ ಬಂದೆ ಅಂತ. ಇಲ್ಲಿ ಒಂದು ಪದ್ಧತಿ ಇದೆ. ಸಂಜೆ ಕೊನೆಗೆ ಹೋಗೋರು ತೆರೆದಿರೋ ಕುರ್ಚಿಗಳನ್ನೆಲ್ಲ ಮುಚ್ಚಿ ಹೋಗ್ಬೇಕು. ಅವತ್ತು ಮೇಲೆ ಅವಳ ಮುಖ ನೋಡ್ದಾಗ ಅದೇ ನೆನಪಾಯ್ತು. ಯಾರಾದ್ರೂ ಏಳನ್ನ ಮುಚ್ಚಿಬಿಟ್ರೆ ಅಂತ ಓಡಿ ಬಂದೆ. ಬೆಳಗಾಗೋವರೆಗೂ ಇಲ್ಲೇ ಕಾವಲು ಕೂತಿದ್ದೆ."

ಕೆಲಸ ಇತ್ತು ಎಂದದ್ದು ಅದು.

"ಆಮೇಲೆ?"

"ಆಮೇಲೆ ದಿನಾ ನಾನೇ ಕೊನೆಗೆ ಹೋಗ್ತೀನಿ. ಬೆಳಗ್ಗೆ ಬಂದ ತಕ್ಷಣ ಒಳಗೆ ಯಾರಿದಾರೆ ಅಂತ ನೋಡ್ತೀನಿ. ಇಬ್ರು ಇರ್ತೀವಿ."

ಹಾಳು ಕೋಪ, ಆಗಲೂ ಅದೇ ಮೊದಲು ಬಾಯಿಗೆ ಬಂತು. "ಬೆಳಗ್ಗೆಯಿಂದ ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತಿದ್ರಲ್ಲ ಭಾವ. ಮೂರು ಗಂಟೆ ನಾನು ತಲೆ ಚಚ್ಕೊಂಡಿದೀನಿ."

"ನೀನು ಬೇರೆ ದಾರಿ ಹುಡುಕ್ತೀಯ ಅಂದ್ಕೊಂಡೆ. ನಮ್ಮ ಪುಟ್ಟಿ ಬಲು ಚುರುಕು ಅಂತ ನಿಮ್ಮಕ್ಕ ಯಾವಾಗ್ಲೂ ಹೇಳೋಳು." ಆಮೇಲೆ ಮೆಲ್ಲಗೆ ಕೇಳಿದರು. "ಬೇರೆ ದಾರಿ ಇಲ್ವಾ?"

ಪ್ರಾಮಾಣಿಕವಾಗಿ ಹುಡುಕಿದೆ. ಆ ಕಡತವನ್ನು ಪಕ್ಕಕ್ಕಿಟ್ಟು ಪ್ಯಾಚ್ ಓಡಿಸಬಹುದೇ, ಅದರ ನಕಲಿನ ಮೇಲೆ ಓಡಿಸಬಹುದೇ, ಏಳನ್ನು ಹಾಗೇ ಬಿಟ್ಟು ಉಳಿದದ್ದನ್ನು ಬದಲಿಸಬಹುದೇ ಎಂದು ಇಪ್ಪತ್ತೈದು ನಿಮಿಷ ಒದ್ದಾಡಿದೆ. ಆಗಲಿಲ್ಲ. ಆಗಿದ್ದರೂ ಏನು, ಪ್ಯಾಚ್ ಮುಗಿದ ಮೇಲೆ ಅಜ್ಜಿಯನ್ನು ಒಂದು ಸಲ ಆರಿಸಿ ಹಚ್ಚಲೇಬೇಕಿತ್ತು. ಹೊರಗೆ ಡಾಕ್ಟರಮ್ಮ ಗಡಿಯಾರ ನೋಡುತ್ತ ಶತಪಥ ಹಾಕುತ್ತಿದ್ದರು.

"ಇಲ್ಲ ಭಾವ," ಎಂದೆ. "ನೀವು ಹೊರಗೆ ಹೋಗಿ. ಇಲ್ಲಿಂದಲೇ ಒಂದು ಸಾಲು ಬರೆದು ನಾನು ಏಳನ್ನ ಹೊರಗೆ ಹಾಕ್ತೀನಿ. ನೀವು ನೋಡೋದು ಬೇಡ."

ಅವರು ಎದ್ದರು. "ಹೊರಗೆ ಹಾಕೋದು ಬೇಡ. ಅವಳು ಕೆಲಸ ಮುಗಿಸಿ ಎದ್ದು ಹೋಗೋಳು. ಬಾ."

ಏಳನೇ ಕುರ್ಚಿ ಒಂದು ಕಂಬದ ಹಿಂದಿತ್ತು. ಮೇಜಿನ ಮೇಲೆ ಭಾವನ ಕೈಬರಹದಲ್ಲಿ 'ಕೆಟ್ಟಿದೆ, ಮುಟ್ಟಬೇಡಿ' ಎಂಬ ಚೀಟಿ. ಪರದೆಗೆ ಹೊದಿಸಿದ್ದ ಬಟ್ಟೆ ಅಮ್ಮ ಹೊಲಿದುಕೊಟ್ಟ ದಿಂಬಿನ ಚೀಲ. ಒಗೆದು ಒಗೆದು ಅಂಚಿನ ಹೂವುಗಳೆಲ್ಲ ಮಾಸಿದ್ದವು. ಭಾವ ಅದನ್ನು ಎತ್ತಿದರು. ಒಳಗೆ ಹಸಿರು ಅಕ್ಷರಗಳು ಉರಿಯುತ್ತಿದ್ದವು. ಹೆಣ್ಣು ಮಗು, ವಯಸ್ಸು ನಾಲ್ಕು. ಹಿಮೋಗ್ಲೋಬಿನ್ ಹನ್ನೊಂದು, ಅದರ ಮುಂದೆ ಒಂದು ಚುಕ್ಕೆ. ಚುಕ್ಕೆಯ ಮುಂದೆ ಮಿಣುಕುತ್ತಿರುವ ಗೆರೆ. ಅಷ್ಟಕ್ಕೇ ನಿಂತಿತ್ತು.

"ಆ ಮಗು?" ಎಂದೆ.

"ಅವತ್ತೇ ಬೇರೆ ಕುರ್ಚಿಯಿಂದ ವರದಿ ಕೊಟ್ಟೆ. ಈಗ ಹನ್ನೆರಡು ವರ್ಷದವಳು ಇರ್ಬೇಕು."

ಕೀಲಿಮಣೆಯ ಅಡಿಯಿಂದ ಹಳದಿ ತಿರುಗಿದ ಒಂದು ಚೀಟಿ ತೆಗೆದರು. ಅಕ್ಕ ನೋಡಿಕೊಂಡು ಟೈಪ್ ಮಾಡುತ್ತಿದ್ದ ಚೀಟಿ. ಅವಳ ಕುರ್ಚಿಯ ತುದಿಯಲ್ಲಿ, ಯಾರೋ ಇನ್ನೂ ಕೂತಿದ್ದಾರೆ ಎನ್ನುವಷ್ಟು ಜಾಗ ಬಿಟ್ಟು ಕೂತರು. ಬೆರಳನ್ನು ನಾಲ್ಕರ ಕೀಲಿಯ ಮೇಲಿಟ್ಟರು. ಒತ್ತಲಿಲ್ಲ.

"ಭಾವ, ನನ್ನಿಂದ ತಪ್ಪಾಯ್ತು," ಎಂದೆ. "ಅವತ್ತು ಎಲ್ಲರ ಮುಂದೆ ನಾನು ಆಡಿದ ಮಾತು..."

"ಅದಿರ್ಲಿ. ಚೀಟಿ ಓದು ಪುಟ್ಟಿ. ನನಗೆ ಕಣ್ಣು ಕಾಣ್ತಿಲ್ಲ."

ನಾನು ಓದಿದೆ. ಹನ್ನೊಂದು ಪಾಯಿಂಟ್ ನಾಲ್ಕು. ಅವರು ನಾಲ್ಕು ಒತ್ತಿದರು. ಬಿಳಿ ಕಣ ಇಷ್ಟು, ಕೆಂಪು ಕಣ ಇಷ್ಟು ಎಂದು ಒಂದೊಂದೇ ಓದುತ್ತ ಹೋದೆ, ಅವರು ಒಂದೇ ಬೆರಳಿನಲ್ಲಿ ಕುಟ್ಟುತ್ತ ಹೋದರು. ಅಕ್ಕ ಒಂದು ನಿಮಿಷದಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ನಮ್ಮಿಬ್ಬರಿಗೆ ಎಂಟು ನಿಮಿಷ ಹಿಡಿಯಿತು. ಕೊನೆಗೆ ಉಳಿಸಲು ಒತ್ತಿದಾಗ ಪರದೆ ಕೇಳಿತು: ಇನ್ನೊಂದು ವರದಿ ಇದೆಯೇ? ಹೌದು, ಇಲ್ಲ. ಭಾವ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ 'ಇಲ್ಲ' ಒತ್ತಿದರು. ಪರದೆ ಖಾಲಿಯಾಗಿ, ಮೂಲೆಯಲ್ಲಿ, ಹೊಸದಾಗಿ ಕೂರುವವರನ್ನು ಕೇಳುವ 'ನಂಬರ್' ಎಂಬ ಒಂದು ಪದ ಮಾತ್ರ ಉಳಿಯಿತು.

ಪ್ಯಾಚ್ ಅರವತ್ತೆರಡು ದಾಟಿತು, ನೂರು ಮುಟ್ಟಿತು. ಅಜ್ಜಿಯನ್ನು ಆರಿಸಿದೆ. ಗೂರಲು ನಿಂತು ಕೋಣೆ ಎಂಥ ನಿಶ್ಶಬ್ದವಾಯಿತೆಂದರೆ ಭಾವನ ಉಸಿರು ಕೇಳುತ್ತಿತ್ತು. ನಾಲ್ಕು ನಿಮಿಷದ ಮೇಲೆ ಅಜ್ಜಿ ಎದ್ದಳು. ಹೊಸ ಯಂತ್ರ ಮಾತಾಡಿತು. ಒಂದು ಗಂಟೆಗೆ ಐದು ನಿಮಿಷವಿರುವಾಗ ಹೊರಗಿನ ಪ್ರಿಂಟರ್ ಓಡತೊಡಗಿತು. ಡಾಕ್ಟರಮ್ಮ ನನ್ನ ಕೈ ಹಿಡಿದು ಕುಲುಕಿದರು.

ಮೊದಲ ಹಾಳೆಯನ್ನು ಎತ್ತಿಕೊಂಡ ಆಯಾ ಅದನ್ನು ತಿರುಗಾಮುರುಗಾ ಮಾಡಿ ನೋಡುತ್ತಿದ್ದಳು. ಮುಗಿದ ವರದಿಗಳ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ನಿಂತದ್ದು ಅದೇ.

"ಸಾರ್, ಇದು ಯಾವ ವಾರ್ಡಿಗೆ? ನಾಲ್ಕು ವರ್ಷದ ಮಗು ಅಂತಿದೆ. ಇವತ್ತು ಮಕ್ಕಳದ್ದು ಒಂದೂ ಇರ್ಲಿಲ್ವಲ್ಲ."

ಹಾಳೆಯ ಕೆಳಗೆ ಎರಡು ಸಾಲು ಅಚ್ಚಾಗಿದ್ದವು. ಟೈಪ್ ಮಾಡಿದವರು, ಏಳು. ಮುಗಿಸಿದ್ದು, ಇಂದು ಮಧ್ಯಾಹ್ನ ಹನ್ನೆರಡು ಮೂವತ್ತೆಂಟು.

"ಅದು ನಮ್ಮ ಮನೇದು. ಕೊಡಮ್ಮ," ಎಂದರು ಭಾವ. ಎರಡು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು. ದಿಂಬಿನ ಚೀಲವನ್ನು ಕೈಚೀಲಕ್ಕೆ ಹಾಕಿ, ಆರನೇ ಕುರ್ಚಿಯ ಟೈಪಿಸ್ಟ್ ಹತ್ತಿರ ಹೋದರು. "ನಾನು ಈಗ್ಲೇ ಹೊರಡ್ತೀನಮ್ಮ. ಇವತ್ತು ಕೊನೆಗೆ ಹೋಗೋರು ಎಲ್ಲಾ ಕುರ್ಚೀನೂ ಮುಚ್ಚಿ ಹೋಗಿ."

ಆಕೆ ಬೆರಗಾಗಿ ಗಡಿಯಾರ ನೋಡಿದಳು. ಆಕೆ ಕೆಲಸಕ್ಕೆ ಸೇರಿದ ಮೇಲೆ ಭಾವ ಎಲ್ಲರಿಗಿಂತ ಮೊದಲು ಹೊರಟ ದಿನವೇ ಇರಲಿಲ್ಲ.

ನಾನೂ ಹಿಂದೆ ಹೋದೆ. ಮೆಟ್ಟಿಲು ಅರ್ಧ ಇಳಿದವರು ಅಲ್ಲೇ ಗೋಡೆ ಹಿಡಿದು ಕುಸಿದು ಕೂತರು. ಹತ್ತುವವರು ಇಳಿಯುವವರು ಬಳಸಿಕೊಂಡು ಹೋಗುತ್ತಿದ್ದರು. ಪಕ್ಕದಲ್ಲಿ ಕೂತೆ. ಭಾವ ಜೇಬಿನ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ತಿರುಗಿದರು. ಮುಖವೆಲ್ಲ ಒದ್ದೆಯಾಗಿತ್ತು.

"ಪುಟ್ಟಿ, ನಿಮ್ಮಕ್ಕ ಹೋಗ್ಬಿಟ್ಳಲ್ಲೇ," ಎಂದರು, ಈಗ ತಾನೇ ಮೇಲಿನ ವಾರ್ಡಿನಿಂದ ಇಳಿದು ಬಂದು ಸುದ್ದಿ ತಿಳಿಸುವವರ ಹಾಗೆ.