ಎರಡನೇ ಸರ

ಮೂವತ್ತೊಂದು ಪಾಯಿಂಟ್ ನಾಲ್ಕು, ಅಲ್ಲ, ಐದು, ಮತ್ತೆ ನಾಲ್ಕು — ಈ ತಕ್ಕಡಿಗೆ ನೆಮ್ಮದಿಯೇ ಇಲ್ಲ, ಕೆಂಪು ಅಂಕಿಗಳು ಕುಣಿಯುತ್ತಲೇ ಇವೆ, ಎ.ಸಿ. ಗಾಳಿಗಿರಬೇಕು, ಇಲ್ಲವೇ ನನ್ನ ಎದೆಬಡಿತಕ್ಕೇ ಇರಬೇಕು, ಈ ಎದೆ ಬಡಿದರೆ ಬೆಂಗಳೂರು ವಿಮಾನ ನಿಲ್ದಾಣದ ನೆಲ ಅದುರುವುದರಲ್ಲಿ ಆಶ್ಚರ್ಯವೇನು, ಮಧುಗಿರಿಯಿಂದ ಪಾವಗಡದವರೆಗೆ ಒಂಬತ್ತು ಸಾವಿರ ಬೋರ್‌ವೆಲ್ಲಿಗೆ ಮೋಟಾರು ಇಳಿಸಿದ ಗೌರೀಶನ ಎದೆ ಇದು — ಸರಿ, ಒಂಬೈನೂರು — ಐನೂರೇ ಅಂದುಕೊಳ್ಳಿ, ಮೋಟಾರು ಕಂಪನಿಯವರು ಕಂಡಕಂಡವರನ್ನೆಲ್ಲ ಐದು ದಿನ ದುಬೈಗೆ ಕರೆದೊಯ್ಯುತ್ತಾರೆಯೇ, ಟಿಕೆಟ್ಟು, ಊಟ, ಒಂಟೆ ಸವಾರಿ ಎಲ್ಲ ಅವರದೇ, ಒಂಟೆಯಂತೂ ನನ್ನನ್ನು ಕಂಡದ್ದೇ ತಾನಾಗಿ ಮಂಡಿಯೂರಿತು, ಅರಬ್ಬರು ಬಾಯಿ ಬಿಟ್ಟುಕೊಂಡು ನೋಡಿದರು. ಆದರೆ ಮೇಜಿನಾಚೆಯ ಈ ಹೆಣ್ಣುಮಗಳು ಬಾಯಿ ಬಿಡುವ ಪೈಕಿಯಲ್ಲ, ಎದೆಯ ಪಟ್ಟಿಯಲ್ಲಿ ತೇಜಸ್ವಿನಿ ಎಂದಿದೆ, ಕಸ್ಟಮ್ಸ್ ಅಧಿಕಾರಿ, ನನ್ನ ಮಗಳ ವಯಸ್ಸು, ಕಣ್ಣು ತಕ್ಕಡಿಯ ಮೇಲೆಯೇ, ಅದರ ಮೇಲೆ ಅವ್ವನ ಹಗ್ಗದ ಸರ, ಚಿನ್ನದ್ದು, ಸುರುಳಿ ಸುತ್ತಿಕೊಂಡು ಮಲಗಿದೆ, ಹತ್ತು ನಿಮಿಷದ ಹಿಂದೆ ನನ್ನ ಕೊರಳಲ್ಲಿತ್ತು. ಎಲ್ಲ ಈ ರಂಗೇಶನ ಬಾಯಿಯಿಂದ — ಅಲ್ಲ, ನನ್ನದೇ ಬಾಯಿಯಿಂದ — ಹಸಿರು ದಾರಿಯಲ್ಲಿ ನಡೆಯುತ್ತಿದ್ದೆವು, ಸುಂಕ ಕಟ್ಟುವಂಥದ್ದು ಏನೂ ಇಲ್ಲದವರ ದಾರಿ, ಬಾಗಿಲಿಗೆ ಇನ್ನು ನಾಲ್ಕೇ ಹೆಜ್ಜೆ, ಆಗ ಈ ರಂಗೇಶ, ಶಿರಾದ ಡೀಲರು, ನನ್ನ ಅರ್ಧ ವ್ಯಾಪಾರವೂ ಇಲ್ಲದವನು, ಹಿಂದಿನಿಂದ ಕೆಣಕಿದ, ಏನ್ ಗೌರೀಶಣ್ಣ, ಖರ್ಜೂರ ತರಕ್ಕೆ ದುಬೈಗಂಟ ಯಾಕೋಗಿದ್ದೆ, ನಮ್ ಶಿರಾ ಸಂತೇಲೇ ಸಿಕ್ತಿತ್ತಲ್ಲ, ನಾನು ಸುಮ್ಮನಿರಬಹುದಿತ್ತು, ನಾಲ್ಕು ಹೆಜ್ಜೆ ಸುಮ್ಮನಿರುವುದು ಎಷ್ಟರ ಕೆಲಸ, ಆದರೆ ಸರ ಎತ್ತಿ ಹಿಡಿದು, ಮೋಟಾರಿನ ಸದ್ದಿನ ನಡುವೆ ಕೂಗಿ ಕೂಗಿ ಅಭ್ಯಾಸವಾದ ಗಂಟಲಲ್ಲಿ, ಖರ್ಜೂರ ಊರೋರ್ಗೆ ಕಣ್ಲಾ, ಇದ್ನೋಡು, ನಲವತ್ತು ಗ್ರಾಂ, ಮೊನ್ನೆ ಅಲ್ಲೇ ಚಿನ್ನದ ಬೀದೀಲಿ ತಗಂಡಿದ್ದು, ನಮ್ಮನ್ ಯಾವ ಕಸ್ಟಮ್ಸ್ ಕೇಳ್ತದೆ — ಸರ್, ಸ್ವಲ್ಪ ಈ ಕಡೆ ಬನ್ನಿ.

ಅಚ್ಚ ಕನ್ನಡದಲ್ಲಿ ಕರೆದಳು. ಬಿಲ್ ಇದೆಯಾ ಎಂದಳು, ಇಲ್ಲ ಮೇಡಂ, ಇದು ಹಳೇದು, ನಮ್ಮವ್ವಂದು, ಅಲ್ಲಿ ತಗೊಂಡಿದ್ದು ಅಂದ್ರಲ್ಲ ಈಗ, ಸುಮ್ಮನೆ ತಮಾಷೆಗಂದೆ ಮೇಡಂ, ಅವಳು ನಗಲಿಲ್ಲ, ಪಾಠ ಹೇಳುವವಳ ಹಾಗೆ ಬಿಡಿಸಿ ಹೇಳಿದಳು, ನಾಲ್ಕಾರು ದಿನ ಹೋಗಿ ಬಂದವರಿಗೆ ಎಲ್ಲ ಸೇರಿ ಐವತ್ತು ಸಾವಿರದವರೆಗೆ ಮಾತ್ರ ಮಾಫಿ, ಒಡವೆಗೆ ಗ್ರಾಂ ಲೆಕ್ಕದ ರಿಯಾಯಿತಿ ಇರುವುದು ವರ್ಷಕ್ಕೂ ಮೇಲೆ ಅಲ್ಲಿದ್ದು ಬಂದವರಿಗೆ, ಇಲ್ಲಿಂದಲೇ ಹಾಕಿಕೊಂಡು ಹೋಗಿದ್ದರೆ ಹೋಗುವಾಗ ತೋರಿಸಿ ಚೀಟಿ ಬರೆಸಿಕೊಳ್ಳಬೇಕಿತ್ತು. ಚೀಟಿ! ಅವ್ವನ ಸರಕ್ಕೆ ಚೀಟಿ ಬರೆಸಬೇಕೆಂದು ನನಗೆ ಯಾರು ಹೇಳಿದ್ದರು, ಕಂಪನಿಯವರು ಟೋಪಿ ಕೊಟ್ಟರು, ನೀರಿನ ಬಾಟಲಿ ಕೊಟ್ಟರು, ಇದೊಂದು ಹೇಳಲಿಲ್ಲ. ಪೆಟ್ಟಿಗೆಯನ್ನೂ ತೆಗೆಸಿದಳು, ಊರಿಗೆಲ್ಲ ಎರಡು ಲಕ್ಷದ ಸಾಮಾನು ಎಂದು ಸಾರಿದ್ದ ಪೆಟ್ಟಿಗೆ, ಒಳಗೆ ನಾಲ್ಕು ಕೆಜಿ ಖರ್ಜೂರ, ಹನ್ನೆರಡು ಸೆಂಟು ಬಾಟಲಿ, ಒಂದು ಹುಲಿ ಚಿತ್ರದ ಕಂಬಳಿ, ಇದಕ್ಕೇನೂ ಇಲ್ಲ ಮುಚ್ಚಿ ಸರ್ ಎಂದಳು, ಅಷ್ಟು ಜನರೆದುರು ಏನೂ ಇಲ್ಲ ಎನ್ನಿಸಿಕೊಂಡ ಪೆಟ್ಟಿಗೆ. ಸರದ ಮಾತೇ ಬೇರೆ, ಸುಂಕ ಕಟ್ಟಿ, ಇಲ್ಲ ನಿಮ್ಮದೇ ಹಳೆಯದು ಎಂದು ತೋರಿಸಿ, ಎರಡೂ ಆಗದಿದ್ದರೆ ರಸೀದಿ ಕೊಟ್ಟು ಇಟ್ಟುಕೊಳ್ಳುತ್ತೇವೆ. ಇಟ್ಟುಕೊಳ್ಳುತ್ತೇವೆ — ಹನ್ನೊಂದು ವರ್ಷ ಹುಣಸೆಹಣ್ಣು ಕುಟ್ಟಿ ಬೀಜ ತೆಗೆದ ಕೂಲಿ ಅದು, ಅವ್ವನ ಉಗುರುಸಂದಿಯ ಕಪ್ಪು ಇವತ್ತಿಗೂ ಹೋಗಿಲ್ಲ, ಹೊರಡುವ ದಿನ ಬಾಗಿಲಲ್ಲಿ ನಿಲ್ಲಿಸಿ ತಾನೇ ಬಿಚ್ಚಿ ಹಾಕಿದಳು, ನಾಕ್ ಜನ ಡೀಲರ್‌ಗಳ ಮಧ್ಯೆ ಬರಿ ಕೊಳ್ಳಾಗೆ ನಿಂತ್ಕಬ್ಯಾಡ ಕಣಪ್ಪ, ನಾನು ಬೇಡ ಎನ್ನಬೇಕಿತ್ತು, ಎಂದೆನೇ, ಎಂದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ, ಎಂದಿಲ್ಲ, ತಲೆ ಬಗ್ಗಿಸಿದೆ ಅಷ್ಟೆ. ಚಿನ್ನದ ಬೀದಿಗೆ ಹೋಗಿದ್ದೆನಲ್ಲ ಅದು ನಿಜ, ಅವ್ವನಿಗೆ ಒಂದೆಳೆ ತರಬೇಕೆಂದೇ ಹೋದದ್ದು, ಅದೂ ನಿಜ, ಬೆಲೆ ಕೇಳಿದ ಮೇಲೆ ಅಂಗಡಿಯವನು ಕೊಟ್ಟ ಚಹಾ ಕುಡಿದು ಎದ್ದು ಬಂದೆ, ಬರುವಾಗ ಗಾಜಿನ ಮುಂದೆ ನಿಂತು ಇದೇ ಸರ ಶರ್ಟಿನ ಮೇಲೆ ಎಳೆದುಕೊಂಡು ಒಂದು ಫೋಟೋ, ಸ್ಟೇಟಸ್ಸಿಗೆ ಹಾಕಿದೆ, ಅವ್ವನಿಗೆ ಹೊಸ ಸರ, ದುಬೈಯಿಂದ, ಎಂಬತ್ತೆರಡು ಜನ ನೋಡಿದರು, ಅವ್ವನ ಫೋನಿನಲ್ಲಿ ಸ್ಟೇಟಸ್ ಕಾಣುವುದಿಲ್ಲವಲ್ಲ ಎಂಬ ಧೈರ್ಯ. ರಂಗೇಶ ಅಲ್ಲಿ ಕಂಬಕ್ಕೊರಗಿ ನಿಂತಿದ್ದಾನೆ, ಹೋಗೋ ಎಂದರೂ ಹೋಗುತ್ತಿಲ್ಲ, ಇರ್ಲಿ ಬುಡಣ್ಣ ನೋಡ್ಕಂಡೇ ಹೋಗ್ತೀನಿ ಎನ್ನುತ್ತಾನೆ, ಇಂಥ ಸ್ನೇಹಿತರನ್ನು ಮುಳುಗಿಸಲು ಶಿರಾ ಕೆರೆ ಸಾಲದು.

ಮನೆಯಲ್ಲಿ ಯಾರಾದರೂ ಇದ್ದರೆ ವಿಡಿಯೋ ಕಾಲ್ ಮಾಡಿ, ನಾನೇ ಕೇಳ್ತೀನಿ, ನೀವು ಮಧ್ಯೆ ಮಾತಾಡಬೇಡಿ ಎಂದಳು ಮೇಡಂ. ನಾನು ಮಾತಾಡದೆ ಇರುವುದು! ಪಕ್ಕದ ಮನೆಯ ಲಕ್ಕಮ್ಮನಿಗೆ ಮಾಡಿದೆ, ಅವ್ವನಿಗೆ ಕೊಡು ಎಂದೆ, ಪರದೆಯಲ್ಲಿ ಮೊದಲು ಸೂರು, ಆಮೇಲೆ ಅವ್ವನ ಹೆಬ್ಬೆರಳು, ಆಮೇಲೆ ಕೊರಳು. ಮುಖವಿಲ್ಲ, ಅವ್ವನಿಗೆ ಫೋನು ಹಿಡಿಯಲು ಬರುವುದಿಲ್ಲ, ಕೊರಳು ಮಾತ್ರ, ಲಿಂಗದ ಕರಡಿಗೆಯ ಶಿವದಾರ ಒಂದೇ, ಅದರ ಮೇಲೆ ಒಂದು ಗೆರೆ, ಸುತ್ತಲಿನ ಚರ್ಮಕ್ಕಿಂತ ತಿಳಿಯಾದದ್ದು, ಮೂವತ್ತು ವರ್ಷ ಬಿಸಿಲು ಕಾಣದ ಗೆರೆ, ಅದನ್ನು ನಾನು ಇವತ್ತೇ ನೋಡುತ್ತಿರುವುದು. ಮೇಡಂ ಕೂಡ ಅದನ್ನೇ ನೋಡಿದಳು, ಸರದ ಗುರುತು ಏನಾದರೂ ಇದೆಯಾ ಅಜ್ಜಿ ಎಂದಳು, ಇಲ್ದೆ ಏನವ್ವ ತಾಯಿ, ಕೊಂಡಿ ಮುರುದಿತ್ತು, ಕೊರಟಗೆರೆ ಅಕ್ಕಸಾಲಿ ಬ್ಯಾರೆ ಹಾಕ್ಕೊಟ್ಟ, ಚೂರು ಕೆಂಪಗೈತೆ, ತಿರುಗ್ಸಿ ನೋಡು. ಮೇಡಂ ತಿರುಗಿಸಿದಳು. ಕೆಂಪಗಿತ್ತು. ನನ್ನ ಹೊಟ್ಟೆಯೊಳಗೆ ತುಮಕೂರು ಜಿಲ್ಲೆಯ ಅಷ್ಟೂ ಬೋರ್‌ವೆಲ್ಲುಗಳಲ್ಲಿ ಒಮ್ಮೆಗೇ ನೀರು ಬಂದಂತಾಯಿತು, ಗೆದ್ದೆ, ರಂಗೇಶನ ಕಡೆ ಒಂದು ನೋಟ ಬಿಸಾಡಿದೆ, ಸರಕ್ಕೆ ಕೈ ಚಾಚಿದೆ, ಆಗ ಅವ್ವ, ಗುಟ್ಟು ಹೇಳುವವಳಂತೆ ಆದರೆ ಇಡೀ ಹಾಲಿಗೆ ಕೇಳುವಂತೆ, ತಾಯಿ, ಇದು ಹಳೇದು, ಇದ್ಕೆ ಸುಂಕ ಇಲ್ಲ ಅಂದ್ರೆ ನ್ಯಾಯ, ಹೊಸದೈತಲ್ಲ, ನಂಗೇ ಅಂತ ತಂದವ್ನೆ, ಲಕ್ಕಮ್ಮ ಫೋನಲ್ಲಿ ತೋರ್ಸಿದ್ಲು, ಅದ್ಕೇನಾಗ್ತದೋ ಕಟ್ಟಿಸ್ಕಳಿ, ನಮ್ ಗೌರೀಶ ಮುಚ್ಚಿಡಾನಲ್ಲ.

ಮೇಡಂ ಕೈ ಸರದ ಮೇಲೆಯೇ ನಿಂತಿತು. ಇನ್ನೊಂದು ಎಲ್ಲಿದೆ ಸರ್. ಇಲ್ಲ ಮೇಡಂ, ಇನ್ನೊಂದಿಲ್ಲ, ಮೆಲ್ಲಗೆ ಹೇಳಿದೆ, ನನ್ನ ಗಂಟಲಿಗೆ ಮೆಲ್ಲಗೆ ಹೇಳಲು ಬರುತ್ತದೆಂದು ನನಗೇ ಗೊತ್ತಿರಲಿಲ್ಲ, ನಿಮ್ಮ ತಾಯಿ ತಂದಿದೀರ ಅಂತಿದಾರಲ್ಲ, ನನಗೆ ಹೇಳಿದರೆ ಆಗಲ್ಲ, ಅವರಿಗೆ ಹೇಳಿ, ಅವರೇ ಇಲ್ಲ ಅನ್ನಲಿ ಎಂದಳು. ಒಂದು ಸುಳ್ಳು ಸಾಕು, ಅಂಗಡಿಯಲ್ಲೇ ಬಿಟ್ಟು ಬಂದೆ, ಕಳುವಾಯಿತು, ಮುಂದಿನ ತಿಂಗಳು ಕಳಿಸುತ್ತಾರೆ, ದಿನಕ್ಕೆ ನಲವತ್ತು ಹುಟ್ಟುವ ಬಾಯಿ ಇದು, ಒಂದಾದರೂ ಬರಲಿ, ಬರುತ್ತಿಲ್ಲ, ಅವ್ವ ಫೋನನ್ನು ಇನ್ನೂ ಹತ್ತಿರ ಹಿಡಿದಿದ್ದಾಳೆ, ಕೊರಳು ಪರದೆಯ ತುಂಬ, ಆ ಗೆರೆ, ಅದರ ಮೇಲೆ ಎರಡು ಬೆರಳು ಹುಡುಕುತ್ತ ಹೋಗುತ್ತಿವೆ, ಇಲ್ಲದ ಕೊಂಡಿಯನ್ನು ಹಿಂದಿನಿಂದ ಮುಂದಕ್ಕೆ ಸರಿಸುವ ಹಾಗೆ, ಹೊಸದಕ್ಕೆ ಜಾಗ ಮಾಡುವ ಹಾಗೆ — ಅವ್ವಾ, ಹೊಸದಿಲ್ಲ ಕಣವ್ವ, ಇದೇ ಅದು — ಮುಖ ತೋರಿಸವ್ವ, ಫೋನು ಮೇಲೆತ್ತು, ಬೈಯಾದರೂ ಬೈ — ಗೆರೆ, ಗೆರೆಯ ಮೇಲೆ ಎರಡು ಬೆರಳು, ನಿಂತಿವೆ