ಕಂಠಪೂರ್ತಿ ಟ್ಯಾಂಕು

ಸೋಮವಾರ ಬೆಳಿಗ್ಗೆ ಆ ಹಳದಿ ದೀಪ ಮತ್ತೆ ಹತ್ತಿತು. ಮನೆಯ ಬೀದಿಯ ತಿರುವನ್ನು ಇನ್ನೂ ದಾಟಿರಲಿಲ್ಲ. ಸ್ಪೀಡೋಮೀಟರಿನ ಪಕ್ಕದಲ್ಲಿ ಪುಟ್ಟ ಇಂಜಿನ್ನಿನ ಚಿತ್ರ ನನ್ನನ್ನೇ ನೋಡಿ ಹಲ್ಲು ಕಿರಿಯುತ್ತಿತ್ತು. ಸ್ಟೀರಿಂಗಿಗೆ ಒಂದು ಗುದ್ದು ಕೊಟ್ಟೆ. ಕೈ ನೋವಾಯಿತು, ದೀಪಕ್ಕೇನೂ ಆಗಲಿಲ್ಲ.

"ಅಮ್ಮ, ಮತ್ತೆ ಬಂತಾ?" ಪಕ್ಕದಲ್ಲಿ ಕೂತಿದ್ದ ಮಗಳು ಕೇಳಿದಳು. ಸ್ಕೂಲ್ ಬ್ಯಾಗಿನ ಪಟ್ಟಿಯಿಂದ ಮೂಗು ಮುಚ್ಚಿಕೊಂಡಿದ್ದಳು. ಬೆಳಗಿನ ಹೊತ್ತು ಗಾಡಿಯಲ್ಲಿ ಪೆಟ್ರೋಲಿನ ಘಾಟು.

"ಬಾಯಿ ಮುಚ್ಕೊಂಡು ಕೂತ್ಕೋ," ಎಂದೆ. ಅವಳದೇನು ತಪ್ಪು? ಅದಕ್ಕೂ ನನ್ನ ಮೇಲೇ ಸಿಟ್ಟು ಬಂತು.

ಈ ಹಳೆಯ ಪಿಕಪ್ಪು ನನ್ನದೂ ಅಣ್ಣನದೂ. ಹಗಲಿಡೀ ನನ್ನ ಪಾಳಿ. ಲಾಂಡ್ರಿಯಿಂದ ಆಸ್ಪತ್ರೆಗೆ ಒಗೆದ ಚಾದರ, ಆಸ್ಪತ್ರೆಯಿಂದ ಲಾಂಡ್ರಿಗೆ ಕೊಳೆ ಚಾದರ. ಸಂಜೆಯ ಮೇಲೆ ಅವನು ಅಂಗಡಿಗಳಿಗೆ ನೀರಿನ ಕ್ಯಾನು ಹಾಕುತ್ತಾನೆ. ನಾನು ಗಾಡಿ ಕೊಡುವಾಗ ಹಿಂಭಾಗ ಗುಡಿಸಿ ಒರೆಸಿ ಕೊಡಬೇಕು, ಅವನು ಬಿಡುವಾಗ ಟ್ಯಾಂಕು ತುಂಬಿಸಿ ಬಿಡಬೇಕು. ಇದು ನಮ್ಮಿಬ್ಬರ ಒಪ್ಪಂದ.

ಮೇಸ್ತ್ರಿ ಎಷ್ಟು ಸಲ ದೀಪ ಆರಿಸಿ ಕಳಿಸಿದರೂ ಅದು ವಾಪಸು ಬರುತ್ತದೆ. ಬಂದಾಗಲೆಲ್ಲ ಬೆಳಿಗ್ಗೆಯೇ, ನನ್ನ ಕೈಯಲ್ಲೇ.

"ನನ್ನ ಕೈಲಿ ಒಂದಿನಾನೂ ಹತ್ತಿಲ್ಲ ನೋಡು," ಎಂದು ಅಣ್ಣ ಹೋದ ವಾರ ಅತ್ತಿಗೆಯ ಎದುರಿಗೇ ಹೇಳಿದ್ದ. "ಗೇರ್ ಹಾಕೋದಾ, ಹಿಟ್ಟು ನಾದೋದಾ? ಇನ್ನೊಂದು ಸಲ ಹತ್ತಿದ್ರೆ ಗಾಡಿ ಪೂರ್ತಿ ನನಗೆ ಬಿಡು. ನೀನು ಲಾಂಡ್ರಿ ಒಳಗೇ ಇಸ್ತ್ರಿಗೆ ಸೇರ್ಕೋ."

ತಿಂಗಳ ಕೊನೆಗೆ ಹೊಗೆ ಪರೀಕ್ಷೆಯಿತ್ತು. ದೀಪ ಹತ್ತಿದ್ದರೆ ಅಲ್ಲಿ ಫೇಲು. ಫೇಲಾದ ಗಾಡಿಯನ್ನು ಆಸ್ಪತ್ರೆಯ ಗೇಟಿನೊಳಗೆ ಬಿಡುವುದಿಲ್ಲ. ಆಮೇಲೆ ಅಣ್ಣ ಬಾಯಿ ಬಿಡಬೇಕಾಗಿಯೂ ಇಲ್ಲ, ನನ್ನ ಸೀಟು ತಾನಾಗಿಯೇ ಅವನದಾಗುತ್ತದೆ.

ಮಗಳನ್ನು ಇಳಿಸಿ, ಚಾದರ ಮುಟ್ಟಿಸಿ, ನೇರ ಗ್ಯಾರೇಜಿಗೆ ಹೋದೆ. ಅಲ್ಲಿನ ಮೇಸ್ತ್ರಿಯನ್ನು ಎಲ್ಲರೂ 'ನೋಡೋಣ' ಎಂದೇ ಕರೆಯುವುದು, ಏಕೆಂದರೆ ಅವನ ಬಾಯಲ್ಲಿ ಬೇರೆ ಉತ್ತರವೇ ಇಲ್ಲ. ಸ್ಟೀರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿ ತಲೆ ಕೆರೆದುಕೊಂಡ.

"ಅದೇ ಹಳೇ ರಾಗ ಅಕ್ಕ. ಇಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂತಿದೆ. ಆಕ್ಸಿಜನ್ ಸೆನ್ಸರ್ ಬದಲಾಯಿಸಿ ನೋಡೋಣ."

"ಬದಲಾಯಿಸಿ ಆಯ್ತಲ್ಲ! ಅದಕ್ಕೂ ಮುಂಚೆ ಪ್ಲಗ್ಗು, ಅದಕ್ಕೂ ಮುಂಚೆ ಫಿಲ್ಟರು. ಇನ್ನು ನನ್ನನ್ನೂ ಬಿಚ್ಚಿ ನೋಡ್ತೀಯಾ?"

ಪಕ್ಕದಲ್ಲಿ ಟೈರು ಬಿಚ್ಚುತ್ತಿದ್ದವರು ತಿರುಗಿ ನೋಡಿದರು. ನೋಡಲಿ ಎಂದು ಇನ್ನೂ ಗಟ್ಟಿಯಾಗಿ ಹೇಳಿದೆ, "ನನ್ನ ಮಗು ದಿನಾ ಮೂಗು ಮುಚ್ಕೊಂಡು ಕೂರುತ್ತೆ. ಆ ವಾಸನೆ ಕುಡಿದೇ ನಾನು ಗಾಡಿ ಓಡಿಸ್ತಿರೋದು!"

'ನೋಡೋಣ' ಸ್ಕ್ಯಾನರ್ ಕೆಳಗಿಟ್ಟ. "ವಾಸನೆಯಾ? ದಿನಾ ಬರುತ್ತಾ?"

ಯೋಚಿಸಿದೆ. ಹಿಂದಿನ ತಿಂಗಳು ಅಣ್ಣ ಮಾವನ ಮನೆಗೆ ಹೋಗಿ ವಾರವಿಡೀ ಅಲ್ಲೇ ಇದ್ದ. ಎರಡೂ ಪಾಳಿ ನಾನೇ ಓಡಿಸಿದ್ದೆ, ಪೆಟ್ರೋಲೂ ನಾನೇ ಹಾಕಿಸಿದ್ದೆ. ವಾಸನೆ ಇರಲಿಲ್ಲ. ದೀಪವೂ ಇರಲಿಲ್ಲ.

"ಪಂಪಲ್ಲಿ ಪೈಪು ಕ್ಲಿಕ್ ಅಂದ ಮೇಲೂ ತುಂಬಿಸ್ತೀರಾ?"

"ನಾನಾ? ಕ್ಲಿಕ್ ಅಂದ್ರೆ ನನಗೆ ಸಾಕು."

"ಅಣ್ಣ?"

ನನಗೆ ಗೊತ್ತಿರಲಿಲ್ಲ. ಮೇಸ್ತ್ರಿ ಗಾಡಿಯ ಕೆಳಗೆ ಬೆರಳು ತೋರಿಸಿದ. "ಟ್ಯಾಂಕಿನ ಆವಿ ಹೊರಗೆ ಹೋಗಬಾರದು ಅಂತ ಅಲ್ಲೊಂದು ಇದ್ದಿಲಿನ ಡಬ್ಬಿ ಇದೆ. ಆವಿ ಹೀರ್ಕೊಳ್ಳುತ್ತೆ, ಆಮೇಲೆ ಇಂಜಿನ್ನಿಗೆ ಬಿಡುತ್ತೆ. ಕಂಠಪೂರ್ತಿ ತುಂಬಿಸಿದ್ರೆ ಅದಕ್ಕೆ ಆವಿ ಬದಲು ಪೆಟ್ರೋಲೇ ನುಗ್ಗುತ್ತೆ. ಇಂಜಿನ್ನು ಅದನ್ನ ಕುಡಿದು ಒದ್ದಾಡುತ್ತೆ."

"ಹಾಗಾದ್ರೆ ದೀಪ ಅವನಿಗೆ ಯಾಕೆ ಹತ್ತಲ್ಲ?"

"ಒಂದೇ ಓಟದಲ್ಲಿ ಹತ್ತಲ್ಲ ಅಕ್ಕ. ಸತತ ಎರಡು ಓಟದಲ್ಲಿ ತಪ್ಪು ಕಾಣಬೇಕು. ಪಂಪಿಂದ ಮನೆಗೆ ಒಂದು. ಬೆಳಿಗ್ಗೆ ನೀವು ತೆಗೀತೀರಲ್ಲ, ಅದು ಇನ್ನೊಂದು."

ಅಂದರೆ ತಪ್ಪು ಅವನ ಪಾಳಿಯಲ್ಲಿ, ದೀಪ ನನ್ನ ಪಾಳಿಯಲ್ಲಿ. ಮೈಯೆಲ್ಲ ಉರಿದುಹೋಯಿತು.

"ಇದನ್ನ ಮೊದಲೇ ಕೇಳೋಕೆ ನಿನ್ನ ಬಾಯಿಗೇನಾಗಿತ್ತು?"

"ನೀವೂ ವಾಸನೆ ವಿಷಯ ಹೇಳಲಿಲ್ಲವಲ್ಲ," ಎಂದು ಗೊಣಗಿದ. ನಿಜವೇ. ಹಳೇ ಗಾಡಿ ಅಂದರೆ ನಾರುವುದೇ ಎಂದುಕೊಂಡಿದ್ದೆ.

ಸಂಜೆ ಅಣ್ಣನ ಕೈಗೆ ಕೀ ಕೊಟ್ಟು ನಾನೂ ಹತ್ತಿ ಕೂತೆ. "ಮೊದಲು ಪೆಟ್ರೋಲ್ ಹಾಕ್ಸು," ಎಂದೆ.

"ಏನೇ, ಪಹರೆನಾ?" ಎಂದು ನಕ್ಕ.

ಪಂಪಿನಲ್ಲಿ ಪೈಪು ಕ್ಲಿಕ್ ಎಂದಿತು. ಪಂಪಿನವನು ತೆಗೆಯಹೋದರೆ ಅಣ್ಣ ಅವನ ಕೈ ತಡೆದು, ಹಿಂದಿನ ಬಂಪರಿನ ಮೇಲೆ ನಿಂತು ಗಾಡಿಯನ್ನು ಕುಲುಕಾಡಿಸಿದ. ಮಕ್ಕಳು ಮಂಚದ ಮೇಲೆ ಕುಣಿಯುವ ಹಾಗೆ. "ಗಾಳಿ ಹೋಗಬೇಕು, ಆಗ ಇನ್ನಷ್ಟು ಹಿಡಿಸುತ್ತೆ. ಹಾಕಪ್ಪ." ಕ್ಲಿಕ್. ಮತ್ತೆ ಕುಲುಕಾಟ. ಟ್ಯಾಂಕಿನ ಬಾಯಿಯ ಅಂಚಿಗೆ ಪೆಟ್ರೋಲು ಹೊಳೆಯುವವರೆಗೆ ಬಿಡಲಿಲ್ಲ.

ಕೂಗಬೇಕೆನಿಸಿತು. ತುಟಿ ಕಚ್ಚಿಕೊಂಡೆ. ಅವನು ಪೂರ್ತಿ ಮುಗಿಸಲಿ.

"ಈಗ ಗ್ಯಾರೇಜಿಗೆ ನಡಿ."

'ನೋಡೋಣ' ಆ ಕಪ್ಪು ಡಬ್ಬಿ ಬಿಚ್ಚಿ ಅಣ್ಣನ ಕೈಗಿಟ್ಟ. ಅವನು ಅದನ್ನು ಓರೆ ಮಾಡಿದ. ಒಳಗಿನಿಂದ ಪೆಟ್ರೋಲು ಅವನ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು.

"ಒಣಗಿರಬೇಕಾಗಿತ್ತು," ಎಂದ ಮೇಸ್ತ್ರಿ.

"ಅಪ್ಪ ಹೀಗೇ ತುಂಬಿಸ್ತಿದ್ರು," ಎಂದ ಅಣ್ಣ.

"ಅಪ್ಪನ ಲಾರಿಗೆ ಈ ಡಬ್ಬಿ ಇರ್ಲಿಲ್ಲ! ದೀಪಾನೂ ಇರ್ಲಿಲ್ಲ. ಬೈಯೋಕೆ ತಂಗೀನೂ ಇರ್ಲಿಲ್ಲ. ಹಿಟ್ಟು ನಾದ್ತೀಯಾ ಅಂದೆಯಲ್ಲ, ಈಗ ಹೇಳು!"

"ಅರೆ, ನಿನಗೆ ದಾರೀಲಿ ಪೆಟ್ರೋಲ್ ಮುಗೀಬಾರದು ಅಂತ ತಾನೇ..."

ಅದು ಸುಳ್ಳಲ್ಲ, ನನಗೆ ಗೊತ್ತು. ಗೊತ್ತಿದ್ದುದಕ್ಕೇ ಸಿಟ್ಟು ಇಳಿಯಲಿಲ್ಲ. ನನ್ನ ಮೇಲೆ ಅಷ್ಟು ಕಾಳಜಿಯಿದ್ದವನು ಇಷ್ಟು ದಿನ ತಪ್ಪನ್ನು ನನ್ನ ತಲೆಗೆ ಹೇಗೆ ಕಟ್ಟಿದ?

ಹೊಸ ಡಬ್ಬಿ ಹಾಕಿಸಿದೆವು. ದೀಪ ಆರಿಸಿದ ತಕ್ಷಣ ಪರೀಕ್ಷೆಗೆ ಹೋಗಬೇಡಿ, ಗಾಡಿ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲು ಸ್ವಲ್ಪ ದಿನ ಓಡಿಸಿ ಎಂದ ಮೇಸ್ತ್ರಿ. ಅಷ್ಟು ದಿನವೂ ಪಂಪಿಗೆ ನಾನೇ ಹೋದೆ. ದೀಪ ಬರಲಿಲ್ಲ. ಪಿಕಪ್ಪು ಪಾಸಾಯಿತು. ಮಗಳು ಮೂಗಿನಿಂದ ಬ್ಯಾಗಿನ ಪಟ್ಟಿ ತೆಗೆದಳು.

ಪಾಸಾದ ಸಂಜೆ ಅಣ್ಣ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಹೂಂ, ತಂಗಿಯ ದೀಪಾನ ಕೊನೆಗೂ ನಾನೇ ಸರಿ ಮಾಡಿಸ್ದೆ ಕಣೋ."

ತಂಗಿಯ ದೀಪವಂತೆ!

ಫೋನಿಟ್ಟು ಕೀಗಾಗಿ ಕೈ ಚಾಚಿದ. ಕೊಟ್ಟೆ. ಅದರ ಗೊಂಚಲಿನಲ್ಲಿ ಟ್ಯಾಂಕಿನ ಮುಚ್ಚಳದ ಕೀ ಇರಲಿಲ್ಲ. ಅದು ನನ್ನ ಬ್ಯಾಗಿನಲ್ಲಿತ್ತು.

"ಮುಚ್ಚಳದ್ದು ಎಲ್ಲಿ?"

"ಇನ್ನು ಮೇಲೆ ತುಂಬಿಸೋದು ನಾನು."

"ಮತ್ತೆ ನಾನು?"

ಸೀಟಿನ ಹಿಂದಿನಿಂದ ಪೊರಕೆ ಎಳೆದು ಅವನ ಇನ್ನೊಂದು ಕೈಗೆ ಕೊಟ್ಟೆ. ಹಿಂದೆ ಆ ದಿನದ ಚಾದರಗಳ ನೂಲು, ಧೂಳು ಹಾಗೇ ಬಿದ್ದಿತ್ತು. ಆವತ್ತು ನಾನು ಗುಡಿಸಿರಲಿಲ್ಲ.