ಆನೆಹಕ್ಕಿಯ ಒಂದೇ ಮೊಟ್ಟೆ

ಆನೆಯ ಮುಖ, ಹದ್ದಿನ ಮೈ, ನವಿಲಿನ ಬಾಲ. ಕತೆ ಕೇಳುವವರಿಗೆ ನಾನು ಆನೆಹಕ್ಕಿ, ಮುಟ್ಟಿ ನೋಡುವವರಿಗೆ ಆಡಿನ ತೊಗಲಿನ ಗೊಂಬೆ. ಎರಡೂ ನಿಜವೇ.

ನನ್ನನ್ನು ಹುಟ್ಟಿಸಿದವನು ಗೊಂಬೆಯಾಟದ ಮಾರೆಪ್ಪ. ತೊಗಲು ಹೆರೆದು ಒಣಗಿಸಿ, ಅದರ ಮೇಲೆ ತನ್ನಪ್ಪನ ಕಾಲದ ಹಳೆಯ ಆನೆಹಕ್ಕಿಯನ್ನು ಮಲಗಿಸಿ, ಅಂಚು ಹಿಡಿದು ಗೆರೆ ಎಳೆದ. ಗಣಪನಿಗೆ ಕಾಯಿ ಒಡೆದು ಕೊನೆಗೆ ಕಣ್ಣು ಕೊರೆದ. ಹಳೆಯವಳ ಎಡಗಾಲು ಎಂದೋ ಹರಿದು ಮೂರು ಹೊಲಿಗೆ ಬಿದ್ದಿದ್ದವು. ಅವನ್ನೂ ಬಿಡದೆ ನನ್ನ ಕಾಲಿಗೆ ಗೆಜ್ಜೆಯಂತೆ ಕೆತ್ತಿದ. ಮರುದಿನ ನನ್ನ ತಾಯಿಗೆ ಅರಿಶಿನ ಹಚ್ಚಿ ಹೊಳೆಗೆ ಬಿಟ್ಟರು. ಸವೆದ ಗೊಂಬೆಗೆ ನಮ್ಮಲ್ಲಿ ಅದೇ ಸದ್ಗತಿ.

ಮಾರೆಪ್ಪನ ಕತೆಗೆ ಕಟ್ಟಳೆ ಇತ್ತು. ಆನೆಹಕ್ಕಿ ಬಾಳಿನಲ್ಲಿ ಒಂದೇ ಮೊಟ್ಟೆ ಇಡುತ್ತದೆ. ಮೂರು ವರ್ಷ ಕಾವು ಕೂರುತ್ತದೆ. ಮರಿ ಹೊರಬಂದ ಮೇಲೆ ತಾಯಿಯ ರೆಕ್ಕೆ ಉದುರುತ್ತದೆ. ಅಂಥವಳು ಬಂಜೆ ರಾಣಿಯ ಕಣ್ಣೀರು ನೋಡಲಾರದೆ, ಮೊಟ್ಟೆ ಬಿಟ್ಟೆದ್ದು, ಏಳು ಕಡಲಾಚೆಯ ಫಲ ತರಲು ಹಾರುವಾಗ ಪರದೆಯ ಮುಂದೆ ಹೆಂಗಸರು ಉಸಿರು ಬಿಗಿ ಹಿಡಿಯುತ್ತಿದ್ದರು. ಮೊಟ್ಟೆ ತಣ್ಣಗಾದೀತೇ ಎಂಬುದೇ ಅವರ ಚಿಂತೆ.

ಮಾರೆಪ್ಪ ತೀರಿಕೊಂಡ. ಮಗ ಹುಲುಗಪ್ಪನಿಗೆ ಕಾವು ಕೂರುವಷ್ಟು ತಾಳ್ಮೆಯಿಲ್ಲ. ಅವನ ಕತೆಯಲ್ಲಿ ಮಂತ್ರವಾದಿ ಒಮ್ಮೆ ಊದಿದರೆ ನಲವತ್ತು ಆನೆಹಕ್ಕಿ. ಅವು ಸತ್ತರೆ ಇನ್ನೊಂದು ಊದು. ರಾಣಿ ಮಾತ್ರ ಮೊದಲಿನಂತೆಯೇ ಅಳುತ್ತಿದ್ದಳು. ನನ್ನೊಬ್ಬಳನ್ನೇ ನಲವತ್ತು ಸಲ ಪರದೆಗೆ ತಾಗಿಸಿ ತೆಗೆಯುವಾಗ ನನ್ನ ಮೈ ಉರಿಯುತ್ತಿತ್ತು, ದೀಪದ ಬಿಸಿಗಲ್ಲ. ಹೊತ್ತವಳು ಯಾರು? ಕಾವು ಕೊಟ್ಟವಳು ಯಾರು? ಅವತಾರ ಎತ್ತುವ ದೇವರೇ ಒಬ್ಬ ತಾಯಿಯ ಬಸಿರಲ್ಲಿ ತಿಂಗಳು ತುಂಬುವ ತನಕ ಕಾದ. ಇವನ ಮಂತ್ರವಾದಿ ದೇವರಿಗಿಂತ ದೊಡ್ಡವನೋ? ಸಾಲದ್ದಕ್ಕೆ, ನನ್ನ ಮೇಲಿಂದ ಗೆರೆ ಎಳೆಯದೆಯೇ ನನ್ನನ್ನು ಹೊಳೆಗೆ ಬಿಟ್ಟು, ಬೆಂಕಿ ಉಗುಳುವ ಬೇರೊಂದು ಹಕ್ಕಿ ಮಾಡುತ್ತೇನೆಂದು ಹೆಂಡತಿ ಗಾಳೆವ್ವನಿಗೆ ಹೇಳಿಬಿಟ್ಟಿದ್ದ. ಅಲ್ಲಿಗೆ ನನ್ನ ವಂಶ ಮುಗಿದಂತೆ.

ಒಂದೂರಿನಲ್ಲಿ ಆಟ ಮುಗಿದ ಬೆಳಿಗ್ಗೆ ನಮ್ಮನ್ನು ಬುಟ್ಟಿಗೆ ತುಂಬುತ್ತಿದ್ದಾಗ ಮುದುಕಿ ಸೂಲಗಿತ್ತಿ ಪಕೀರವ್ವ ಬಂದಳು.

"ತಮ್ಮಾ, ನಿನ್ನ ಹಕ್ಕಿ ಹೆಂಗ ಹುಟ್ಟತೈತಿ?"

"ಊದಿದ್ರ ಹುಟ್ಟತೈತಿ, ಬೇ."

"ಹಂಗಾದ್ರ ರಾಣಿ ಯಾಕ ಅಷ್ಟ್ ಅತ್ತಳು? ಆಕಿ ಹೊಟ್ಟಿಗೂ ಒಂದ್ ಊದು ಊದಿದ್ರ ಎಲ್ಲಾರೂ ಲಗೂನ ಮನಿಗೆ ಹೋಗತಿದ್ವಿ."

ಗಾಳೆವ್ವ ಸೆರಗಿನಲ್ಲಿ ನಕ್ಕಳು. ಹುಲುಗಪ್ಪ ಮುಖ ಗಂಟಿಕ್ಕಿದ. "ಕತಿ ಬೇ ಅದು. ಕತಿಯೊಳಗ ಏನ್ ಬೇಕಾದ್ರೂ ಆಕ್ಕೈತಿ."

"ಏನ್ ಬೇಕಾದ್ರೂ ಆಗೂದಾದ್ರ ನಾ ಯಾಕ ನಿದ್ದಿಗೆಟ್ಟು ಕುಂಡರ್ಲಿ? ನಿಮ್ಮಪ್ಪನ ಆಟದಾಗ ಆ ತತ್ತಿ ನೆನಸಿ ನನ್ನ ಕೈ ತಣ್ಣಗಾಗತಿದ್ವು. ನೀನೇನು ಊದಿ ಬಂದಾಂವ? ಇದ ಊರಾಗ, ಈ ಗುಡಿ ಹಿಂದ, ನಿಮ್ಮವ್ವ ಎರಡು ದಿನ ನನ್ನ ಕೈ ಹಿಡಕೊಂಡು ಒದ್ದಾಡ್ಯಾಳ."

ಅವಳು ಹೋದಳು. ಹುಲುಗಪ್ಪ ಬುಟ್ಟಿಗೆ ಹಾಕಿದ್ದ ನನ್ನನ್ನು ಮತ್ತೆ ಹೊರಗೆ ತೆಗೆದ. ಗಾಳೆವ್ವ ಒಣಗಿದ ತೊಗಲೊಂದನ್ನು ತಂದು ಅವನ ಮುಂದೆ ಹಾಸಿದಳು. ಅವನು ನನ್ನನ್ನು ಅದರ ಮೇಲೆ ಮಲಗಿಸಿ ಗೆರೆ ಎಳೆಯತೊಡಗಿದ. ಎಡಗಾಲಿಗೆ ಬಂದಾಗ ಕೈ ನಿಂತಿತು.

"ಈ ಮೂರು ಗೀಟು ಯಾಕ?"

"ಅವು ಆಕಿ ಅವ್ವನವು," ಎಂದಳು ಗಾಳೆವ್ವ. "ಬಿಡಬ್ಯಾಡ."

ಇವತ್ತು ನನ್ನ ಮಗಳಿಗೆ ಕಣ್ಣು ಕೊರೆದರು. ನಾಳೆ ನನಗೆ ಹೊಳೆ. ಆ ನಲವತ್ತರ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ, ನೀರೇ ಆರಿಸಬೇಕು. ಈಗಷ್ಟೇ ಗಾಳೆವ್ವ ನಾಳೆಯ ಅರಿಶಿನ ಕಲಸಿ ತಂದು ನನ್ನನ್ನು ಎತ್ತಿಕೊಂಡಾಗ ಬಲರೆಕ್ಕೆಯ ತುದಿ ಮುರಿದು ಅವಳ ಅಂಗೈಗೆ ಬಿತ್ತು. ನನಗೆ ನೋವಾಗಲಿಲ್ಲ. ಮರಿ ಬಂದಿದೆ, ರೆಕ್ಕೆ ಉದುರಲೇಬೇಕು.